ಬಿಸಿಲು ಕಾಣದ ಮ್ಯಾಚಿಂಗ್ ಸೆಂಟರ್

ಹೆದರಿಕೆಯಾದಾಗ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ಹರಕೆ ಹೇಳಿಕೊಳ್ಳುತ್ತಾರೆ, ನಮ್ಮ ಯಜಮಾನರು ನಿದ್ದೆ ಹೊಡೆಯುತ್ತಾರೆ. ನಾನು ಬಟ್ಟೆ ಮಡಿಸುತ್ತೇನೆ. ಮಡಿಸಿದ್ದನ್ನು ಬಿಚ್ಚಿ, ಕೊಡವಿ, ಮತ್ತೆ ಮಡಿಸುತ್ತೇನೆ. ಹೋದ ವರ್ಷವಿಡೀ ನನ್ನ ಅಂಗಡಿಯ ಬ್ಲೌಸ್ ಪೀಸುಗಳು ಅದೆಷ್ಟು ಸಲ ಮಡಿಸಿಕೊಂಡವೆಂದರೆ, ಕೆಲವು ಮಡಿಕೆಯ ಗೆರೆಯಲ್ಲೇ ಮಾಸಿಹೋದವು. ಗಿರಾಕಿಗಳು ಎಳೆದಾಡಿ ಬಟ್ಟೆ ಹಾಳಾಗುವುದನ್ನು ಕಂಡಿದ್ದೇನೆ. ಗಿರಾಕಿಯೇ ಬಾರದೆ, ಮಾಲೀಕಳ ಕೈಯಲ್ಲೇ ಬಟ್ಟೆ ಸವೆಯುವುದನ್ನು ಕಾಣಲು ನಾನು ಕುಂದಾಪುರದ ಮಾಲಿಗೇ ಹೋಗಬೇಕಾಯಿತು.

ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗ್, ಫಾಲ್, ದಾರ, ಹುಕ್ಕು, ಇಷ್ಟೇ ವ್ಯಾಪಾರ. ಇಪ್ಪತ್ತು ವರ್ಷ ಪೇಟೆಯ ಒಂದು ಓಣಿಯಲ್ಲಿ, ಹಂಚಿನ ಮಾಡಿನ ಕೆಳಗೆ, ಎರಡು ಜನ ಎದುರುಬದುರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಂಥ ಅಂಗಡಿಯಲ್ಲಿ ಕೂತಿದ್ದೆ. ಆಗ ಹೆದ್ದಾರಿ ಪಕ್ಕದಲ್ಲಿ ಮಾಲ್ ಎದ್ದಿತು. ಗಾಜಿನ ಬಾಗಿಲು, ತಾನಾಗಿ ಹತ್ತುವ ಮೆಟ್ಟಿಲು, ಒಳಗೆ ಕಾಲಿಟ್ಟರೆ ತಂಪು. ಉದ್ಘಾಟನೆಯ ದಿನ ಜನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಿಡಬೇಡಿ ಎಂದು ಮೈಕಿನಲ್ಲಿ ಎಷ್ಟು ಹೇಳಿದರೂ, ಅಷ್ಟು ಹೊಳೆಯುವ ನೆಲದ ಮೇಲೆ ಚಪ್ಪಲಿ ಮೆಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ನಾನೂ ಬಿಟ್ಟಿದ್ದೆ. ಬರಿಗಾಲಿಗೆ ಆ ನೆಲದ ತಂಪು ತಾಗಿದ್ದೇ ನನ್ನ ತಲೆ ಕೆಟ್ಟಿತು. ಮೊದಲನೇ ಮಹಡಿಯಲ್ಲಿ ನನಗೊಂದು ಅಂಗಡಿ ಬೇಕೇ ಬೇಕು ಎಂದು ಮನೆಗೆ ಬಂದು ಕೂತೆ.

ಯಜಮಾನರು ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸದಲ್ಲಿದ್ದಾರೆ. ತಂಪಿನ ಬಗ್ಗೆ ಅವರಿಗೆ ಮೊದಲಿನಿಂದಲೂ ಮರ್ಯಾದೆಯಿಲ್ಲ. "ತಂಪ್ ಬೇಕಾರೆ ನನ್ನೊಟ್ಟಿಗೆ ಬಾ, ಐಸಿನ ಮೇಲೆ ಕೂರ್ಸ್ತೆ," ಎಂದರು. ಹದಿನಾಲ್ಕು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದ ಜಲಜ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಗಿರಿಜಕ್ಕ, ಅಲ್ಲಿ ಬಿಸ್ಲ್ ಎಲ್ಲಿಂದ ಬತ್ತ್?" ನಾನು ನಕ್ಕುಬಿಟ್ಟೆ. ಅಲ್ಲಿ ಸೂರ್ಯನೇ ಬೇಡದಷ್ಟು ಟ್ಯೂಬ್‌ಲೈಟುಗಳಿವೆ ಮಾರಾಯ್ತಿ ಎಂದೆ. ಅವಳು ನಗಲಿಲ್ಲ. ನಾನು ಬರುವುದಿಲ್ಲ, ನಿಮ್ಮ ಹಳೆ ಅಂಗಡಿಯನ್ನು ನಾನೇ ಬಾಡಿಗೆಗೆ ಹಿಡಿಯುತ್ತೇನೆ ಎಂದಳು. ಅಯ್ಯೋ ಪಾಪ, ಓಣಿಯಲ್ಲೇ ಉಳಿದುಹೋಗುತ್ತಾಳಲ್ಲ ಎಂದು ನನಗೆ ನಿಜವಾಗಿಯೂ ಮರುಕವಾಯಿತು. ಹೊರಡುವಾಗ ಒಂದು ಹಳೆಯ ಸ್ಟೂಲನ್ನು ಅವಳಿಗೆ ದಾನ ಮಾಡಿ ಬಂದೆ.

ಅವಳ ಪ್ರಶ್ನೆ ಅರ್ಥವಾದದ್ದು ಮಾಲಿನ ಮೊದಲ ವಾರದಲ್ಲೇ. ನಮ್ಮ ಕಡೆಯ ಹೆಂಗಸರು ರವಿಕೆ ಬಟ್ಟೆಯನ್ನು ಅಂಗಡಿಯೊಳಗೆ ನೋಡಿ ಕೊಳ್ಳುವವರಲ್ಲ. ಸೀರೆಯ ಸೆರಗನ್ನೂ ಪೀಸನ್ನೂ ಹಿಡಿದುಕೊಂಡು ಹೊರಗೆ ಹೋಗಿ, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ ಮೇಲೆಯೇ ಹೌದು ಅಥವಾ ಅಲ್ಲ. ಅದು ಸರಿಯೂ ಹೌದು. ಟ್ಯೂಬ್‌ಲೈಟಿನ ಕೆಳಗೆ ಬದನೆಕಾಯಿ ಬಣ್ಣ ನೀಲಿಯಾಗುತ್ತದೆ, ಕಾಫಿ ಬಣ್ಣ ಮೆರೂನ್ ಆಗುತ್ತದೆ. ಓಣಿಯಲ್ಲಿ ಹೊರಗೆ ಹೋಗುವುದೆಂದರೆ ಒಂದು ಹೆಜ್ಜೆ. ಮಾಲಿನಲ್ಲಿ ಮೊದಲ ಮಹಡಿಯಿಂದ ಮೆಟ್ಟಿಲಿಳಿದು, ಗಾಜಿನ ಬಾಗಿಲು ದಾಟಿ, ಪಾರ್ಕಿಂಗ್ ಜಾಗಕ್ಕೆ ಹೋಗಬೇಕು. ಬಣ್ಣ ಸರಿಯಿಲ್ಲದಿದ್ದರೆ ಮತ್ತೆ ಹತ್ತಿ ಬಂದು ಇನ್ನೊಂದು ಪೀಸು. ಒಂದು ರವಿಕೆಗೆ ಐದು ಸಲ ಹತ್ತಿ ಇಳಿದವರಿದ್ದರು. ಮಾಲಿನ ಮ್ಯಾನೇಜರು ಮೇಲಿನಿಂದ ಇದನ್ನು ನೋಡಿ, ನಮ್ಮಲ್ಲಿ ಜನರ ಓಡಾಟ ಎಷ್ಟಿದೆ ನೋಡಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಓಡಾಡುತ್ತಿದ್ದದ್ದು ಅದೇ ಮೂರು ಜನ ಹೆಂಗಸರು. ಆರನೆಯ ಸಲಕ್ಕೆ ಅವರು ಪೀಸನ್ನು ಬಾಗಿಲಲ್ಲಿದ್ದ ವಾಚ್‌ಮನ್ ಶೀನಣ್ಣನ ಕೈಗೆ ಕೊಟ್ಟು, ಹಾಗೇ ಬಸ್ಸು ಹತ್ತುತ್ತಿದ್ದರು.

ಮೀನಿನದು ಬೇರೆಯೇ ಕತೆ. ಪೇಟೆಗೆ ಬಂದವರು ಮೀನು ಕೊಳ್ಳದೆ ಹೋಗುವುದುಂಟೇ? ಮೀನು ಕೊಂಡವರು ಮಾಲಿನೊಳಗೆ ಬರುವ ಹಾಗಿಲ್ಲ, ಏಸಿಯಲ್ಲಿ ವಾಸನೆ ಸುತ್ತುತ್ತದೆ. ಹಟ್ಟಿಯಂಗಡಿ ಊರಿನ ಶೀನಣ್ಣ ಒಳ್ಳೆಯ ಮನುಷ್ಯ, ಚೀಲಗಳನ್ನು ತನ್ನ ಕುರ್ಚಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಆದರೆ ಕುರ್ಚಿಯ ಕೆಳಗೆ ಬಂಗುಡೆ ಇಟ್ಟು, ಮೇಲೆ ಹೋಗಿ ನಿಶ್ಚಿಂತೆಯಿಂದ ಬಣ್ಣ ಆರಿಸುವ ಹೆಂಗಸು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಪೇಟೆಯ ಬೆಕ್ಕುಗಳಿಗೂ ಸುದ್ದಿ ಹೋಗಿತ್ತು.

ಇಷ್ಟೆಲ್ಲ ತಮಾಷೆಯಾಗಿ ಹೇಳುತ್ತಿದ್ದೇನೆ, ಆಗ ನನಗೆ ನಗು ಬರುತ್ತಿರಲಿಲ್ಲ. ಮೊದಲು ಕಾಫಿ ಅಂಗಡಿ ಹೋಯಿತು. ಆಮೇಲೆ ಮಕ್ಕಳ ಆಟದ ಜಾಗ, ಆಮೇಲೆ ಶೂ ಅಂಗಡಿ. ಮಹಡಿಯಲ್ಲಿ ಒಂದೊಂದೇ ಶಟರು ಇಳಿಯುವ ಶಬ್ದ ಕೇಳಿದಾಗೆಲ್ಲ ನಾನು ಒಂದು ಕಟ್ಟು ಪೀಸು ಬಿಚ್ಚಿ ಮಡಿಸುತ್ತಿದ್ದೆ. ಆಮೇಲೆ ಏಸಿ ನಿಂತಿತು. ತಾನಾಗಿ ಹತ್ತುವ ಮೆಟ್ಟಿಲು ನಿಂತಿತು. ನಿಂತ ಮೇಲೂ ಜನ ಅದರ ಮೇಲೆ ಕಾಲಿಡುವ ಮುಂಚೆ ಸೀರೆ ಎತ್ತಿ ಹಿಡಿದು, ಒಂದು ಕ್ಷಣ ತಡೆದು, ದೇವರನ್ನು ನೆನೆದೇ ಹತ್ತುತ್ತಿದ್ದರು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಬಗ್ಗಿ, ಮಾಲಿನ ಬೋರ್ಡಿನಲ್ಲಿ ಎಷ್ಟು ಅಕ್ಷರ ಉರಿಯುತ್ತಿದೆ ಎಂದು ನೋಡುವುದು ನನಗೆ ಅಭ್ಯಾಸವಾಯಿತು. ಒಂದು ದಿನ ಒಳಗಿರುವಾಗಲೇ ಬೀಗ ಹಾಕಿ ಹೋದರೆ ಏನು ಗತಿ ಎಂದು ಆಗಾಗ ಕೆಳಗಿಳಿದು ಬಾಗಿಲು ನೋಡಿ ಬರುತ್ತಿದ್ದೆ. ಶೀನಣ್ಣನನ್ನು ಕೇಳಿದರೆ ಅವರು ವರದಿ ಒಪ್ಪಿಸುತ್ತಿದ್ದರು. "ಇವತ್ತ್ ಇಬ್ರ್ ಬಂದಿದ್ರ್, ಗಿರಿಜಕ್ಕ. ಒಬ್ರ್ ಬಾತ್‌ರೂಮ್ ಎಲ್ಲಿತ್ತ್ ಅಂದ್ ಕೇಂಡ್ಕಂಡ್ ಬಂದದ್ದ್. ಇನ್ನೊಬ್ರ್ ಅವ್ರನ್ನ್ ಹುಡ್ಕಂಡ್ ಬಂದದ್ದ್."

ಆಗಲೇ ಬಿಟ್ಟುಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಟ್ಟು ಬರುವುದೆಲ್ಲಿಗೆ? ಓಣಿಯ ಅಂಗಡಿ ಜಲಜಳದು. ಮನೆಯಲ್ಲಿ ಕೂತರೆ ನಾನು ಯಾರು ಎಂಬುದು ನನಗೇ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಬೀಗದ ಕೈ ಹಿಡಿದು ಹೊರಟವಳು ನಾನು. ಅದಕ್ಕಿಂತ ದೊಡ್ಡ ತೊಂದರೆ ನನ್ನ ಬಾಯಿಯದು. ಸಂಜೆ ಯಜಮಾನರು, "ಎಂತ, ಇವತ್ತ್ ಹ್ಯಾಂಗಿತ್ತ್?" ಎಂದು ಕೇಳಿದರೆ, ರಶ್ ಎನ್ನುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಯಡ್ತರೆಯಲ್ಲಿರುವ ನಾದಿನಿ ಲಲಿತಳಿಗೆ ಫೋನಿನಲ್ಲಿ, ಊಟ ಮಾಡಲೂ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಅದು ಒಂದು ರೀತಿಯಲ್ಲಿ ನಿಜವೇ, ಹೆದರಿಕೆಯಿಂದ ಊಟ ಸೇರುತ್ತಿರಲಿಲ್ಲ.

ಸುಳ್ಳಿಗೆ ಬಡ್ಡಿ ಬೆಳೆಯುತ್ತದೆ. ಲಲಿತಳ ಮಗಳ ಮದುವೆ ನಿಶ್ಚಯವಾಯಿತು. ಒಂದು ಸೋಮವಾರ ಅವಳ ಫೋನು ಬಂತು. "ಅತ್ಗೆ, ಬುಧವಾರ ಹನ್ನೆರ್ಡ್ ಜನ ಹೆಂಗ್ಸ್ರ್ ಬಪ್ಪುದ್, ಟೆಂಪೊ ಮಾಡಿತ್ತ್. ಗಂಡಿನ್ ಕಡೆಯವ್ರೂ ಬತ್ರ್. ನಮ್ಮ್ ಅತ್ಗೆದ್ ಮಾಲಲ್ ಅಂಗ್ಡಿ ಅಂದ್ ಹೇಳಿದೆ. ಎಲ್ಲರ ರವ್ಕಿ ಬಟ್ಟೆ ನಿಮ್ಮಲ್ಲೇ." ಬನ್ನಿ ಬನ್ನಿ ಎಂದು ಫೋನಿಟ್ಟೆ. ಆ ಹೊತ್ತಿಗೆ ಇಡೀ ಮಹಡಿಯಲ್ಲಿ ಉಳಿದದ್ದು ನಾನೊಬ್ಬಳೇ.

ಮಂಗಳವಾರ ನಾನು ಮಾಡಿದ್ದನ್ನು ಯಾರಿಗೂ ಹೇಳಬಾರದೆಂದಿದ್ದೆ. ನಿಂತ ಮೆಟ್ಟಿಲನ್ನು ಬುಧವಾರ ಒಂದು ಗಂಟೆ ಓಡಿಸಿಕೊಡಿ ಎಂದು ಶೀನಣ್ಣನನ್ನು ಬೇಡಿದೆ. "ಕೀಲಿ ಮ್ಯಾನೇಜರ್ ಹತ್ರ ಇತ್ತ್. ಅವ್ರ್ ಬ್ರಹ್ಮಾವರದಲ್ಲಿದ್ರ್, ಫೋನ್ ತೆಗುದಿಲ್ಲೆ," ಎಂದರು. ಕೊನೆಗೆ ಉಪಾಯ ಹೊಳೆಯಿತು. ಎದುರಿನ ಖಾಲಿ ಬಟ್ಟೆ ಅಂಗಡಿಯಲ್ಲಿ ಕೈ ಮುರಿದ ಎರಡು ಬೊಂಬೆಗಳು ಉಳಿದಿದ್ದವು. ಮನೆಯಿಂದ ನನ್ನ ಎರಡು ರೇಷ್ಮೆ ಸೀರೆ ತಂದು, ಶೀನಣ್ಣ ಬೊಂಬೆ ಹಿಡಿದುಕೊಂಡು, ನಾನು ನೆರಿಗೆ ಹಿಡಿದು, ಅವಕ್ಕೆ ಉಡಿಸಿದೆವು. ದೂರದಿಂದ ನೋಡಿದರೆ ಇಬ್ಬರು ಗಿರಾಕಿಗಳು ನಿಂತ ಹಾಗೆ ಕಾಣಬೇಕೆಂದು ನನ್ನ ಅಂಗಡಿಯೊಳಗೆ ಗಾಜಿನತ್ತ ಬೆನ್ನು ಮಾಡಿ ನಿಲ್ಲಿಸಿದೆವು. ಶೀನಣ್ಣ ಸ್ವಲ್ಪ ಹಿಂದೆ ಸರಿದು ನೋಡಿ, "ಇಷ್ಟ್ ಜನ ಇಲ್ಲಿ ಬಪ್ಪುದ್ ಕಾಣದೆ ಎಷ್ಟ್ ಸಮಯ ಆಯ್ತ್," ಎಂದರು. ಅವರು ಗೇಲಿ ಮಾಡಲಿಲ್ಲ, ಬೇಸರದಿಂದಲೇ ಹೇಳಿದರು. ನನಗೆ ಅಳು ಬಂತು, ಒಂದು ಲೈನಿಂಗ್ ಬಟ್ಟೆಯನ್ನು ಬಿಚ್ಚಿ ಮಡಿಸಿದೆ.

ಬುಧವಾರ ಹತ್ತು ಗಂಟೆಗೆ ನಾನು ಬಸ್ಸಿಳಿಯುವುದಕ್ಕೂ ಟೆಂಪೊ ಬರುವುದಕ್ಕೂ ಸರಿಯಾಯಿತು. ಹನ್ನೆರಡು ಜನ ಹೆಂಗಸರು ಮಲ್ಲಿಗೆ ಮುಡಿದು, ಸೀರೆಯ ಚೀಲ ಹಿಡಿದು ಇಳಿದರು. ಮಾಲಿನ ಗಾಜಿನ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಜಡಿದಿತ್ತು. ದುರಸ್ತಿಯ ನಿಮಿತ್ತ ಮುಚ್ಚಲಾಗಿದೆ, ಅಂಗಡಿಯವರು ಒಂದು ವಾರದೊಳಗೆ ಸಾಮಾನು ತೆರವು ಮಾಡಬೇಕು ಎಂದು ಕಾಗದ ಅಂಟಿಸಿದ್ದರು. ಶೀನಣ್ಣ ಕುರ್ಚಿಯನ್ನು ಹೊರಗೆ ಹಾಕಿಕೊಂಡು ಕೂತಿದ್ದರು. "ಬೆಳಿಗ್ಗೆ ಬಂದ್ ಅಂಟ್ಸಿ ಹೋದ್ರ್. ಎಂತಕ್ಕ್ ಅಂದ್ ಹೇಳ್ಲಿಲ್ಲೆ." ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಭೂಮಿ ಬಾಯಿ ಬಿಡಬಾರದೇ ಎಂದು ಹೇಳುತ್ತಾರಲ್ಲ, ನಾನು ನಿಜವಾಗಿಯೂ ಕಾಲ ಕೆಳಗೆ ನೋಡಿಕೊಂಡೆ. ಇಪ್ಪತ್ತು ವರ್ಷದ ಅಂಗಡಿ ಒಂದು ಕಾಗದದಲ್ಲಿ ಮುಗಿದುಹೋಗಿತ್ತು, ಅದೂ ಬೀಗರ ಎದುರಿಗೆ.

ಲಲಿತ ನನ್ನ ಹತ್ತಿರ ಬಂದಳು. "ಹೋಯ್ಲಿ ಬಿಡಿ ಅತ್ಗೆ. ಜಲಜನಲ್ಲಿಗೇ ಹೋಪ. ಹ್ಯಾಂಗೂ ಯಾವತ್ತೂ ಅಲ್ಲೇ ಅಲ್ದಾ ತಕಂಬುದ್." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನಾನು ಅವಳ ಮುಖ ನೋಡಿದೆ. "ಎಂತ ಮಾಡುದ್ ಅತ್ಗೆ," ಎಂದು ದನಿ ತಗ್ಗಿಸಿದಳು, "ನಿಮ್ಮಲ್ಲಿ ಬಣ್ಣ ಕಾಂಬುಕೆ ಅಷ್ಟ್ ಮೆಟ್ಲ್ ಇಳಿಕ್. ನಂಗೆ ಮೊಣಗಂಟ್ ನೋವಲ್ದಾ."

ಹೀಗೆ ನನ್ನದೇ ಹಳೆಯ ಅಂಗಡಿಗೆ ನಾನು ಹದಿಮೂರನೆಯ ಗಿರಾಕಿಯಾಗಿ ಹೋದೆ. ಓಣಿ ತುಂಬ ಬಿಸಿಲು. ಜಲಜ ಒಬ್ಬಳೇ ಇದ್ದಳು, ಒಳಗೂ ಹೊರಗೂ ಸೇರಿ ಆಗಲೇ ನಾಲ್ಕು ಜನ. ನನ್ನನ್ನು ಕಂಡು ಏನೂ ಕೇಳಲಿಲ್ಲ, ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ನಾನು ಕೊಟ್ಟಿದ್ದ ಸ್ಟೂಲನ್ನೇ ಎಳೆದು, "ಕೂಕಣಿ ಗಿರಿಜಕ್ಕ," ಎಂದಳು. ಕೂರಲಿಕ್ಕಾಗಲಿಲ್ಲ. ಹನ್ನೆರಡು ಜನ ಒಟ್ಟಿಗೆ ಬಣ್ಣ ಕೇಳುತ್ತಿದ್ದರೆ, ಇಪ್ಪತ್ತು ವರ್ಷದ ಕೈ ಸುಮ್ಮನಿರುತ್ತದೆಯೇ? ಮೇಲಿನ ಕಟ್ಟಿನಿಂದ ನಾನೂ ಪೀಸು ಇಳಿಸಿದೆ, ಬಿಚ್ಚಿದೆ, ಕೊಟ್ಟೆ. ಅವರು ಒಂದು ಹೆಜ್ಜೆ ಹೊರಗೆ ಹೋಗಿ ಬಿಸಿಲಿಗೆ ಹಿಡಿದರು, ಒಳಗೆ ಬಂದರು. ಸಂಜೆ ಅವರೆಲ್ಲ ಹೋದ ಮೇಲೆ ಗುಡ್ಡೆಬಿದ್ದ ಬಟ್ಟೆಯನ್ನು ನಾವಿಬ್ಬರೂ ಮಡಿಸಿದೆವು. ಬಹಳ ತಿಂಗಳ ನಂತರ ಕೆಲಸಕ್ಕಾಗಿ ಮಡಿಸಿದ್ದು. ಬಾಗಿಲು ಹಾಕುವಾಗ ಜಲಜ, "ನಾಳೆ ಒಂಚೂರ್ ಬೇಗ ಬನ್ನಿ, ಮದಿ ದಿಬ್ಬಣದ ಸೀಸನ್ ಅಲ್ದಾ," ಎಂದಳು. ಆಯಿತು ಎಂದೆ.

ಮನೆಯಲ್ಲಿ ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೊಂಬೆಗೆ ಸೀರೆ ಉಡಿಸಿದ್ದನ್ನೂ ಹೇಳಿದೆ. ಅವರು ಗಂಜಿ ಉಣ್ಣುತ್ತಲೇ, "ಮಾಲಲ್ ಜನ ಇಲ್ಲೆ ಅಂದ್ ಐಸ್ ಪ್ಲಾಂಟಲ್ ಎಲ್ಲರಿಗೂ ಗೊತ್ತಿತ್ತ್. ನೀನ್ ರಶ್ ಅಂದಿ, ನಾನ್ ಹೂಂ ಅಂದೆ," ಎಂದರು. ಆಮೇಲೆ ಬಂಗುಡೆಯ ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿದರು.

ವಾರದೊಳಗೆ ಶೀನಣ್ಣ ಬೀಗ ತೆಗೆಸಿಕೊಟ್ಟರು. ಸಾಮಾನೂ ನನ್ನ ಎರಡು ಸೀರೆಗಳೂ ಹೊರಗೆ ಬಂದವು. ಈಗ ಓಣಿಯ ಅಂಗಡಿಯಲ್ಲಿ ಅರ್ಧ ಮೇಜು ನನ್ನದು. ಒಳಗಿನ ಅರ್ಧ. ಹೊರಗಿನ ಅರ್ಧ, ಬೆಳಕಿರುವುದು, ಜಲಜಳದು. ಅದನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ, ಈಗಿರುವ ಹೆದರಿಕೆ ಅದೊಂದೇ.

ಮೊನ್ನೆ ಗುಲ್ವಾಡಿಯ ಹೆಂಗಸೊಬ್ಬರು ಬಂದು ಈರುಳ್ಳಿ ಬಣ್ಣದ ಪೀಸು ಕೇಳಿದರು. ನಾನು ಒಂದೇ ನೋಟಕ್ಕೆ ತೆಗೆದು ಮುಂದಿಟ್ಟೆ. ಅವರು ಪೀಸನ್ನು ನೋಡಲಿಲ್ಲ, ನನ್ನನ್ನು ನೋಡಿದರು, ಆಮೇಲೆ ಜಲಜಳ ಕಡೆ ತಿರುಗಿದರು. "ಹೊಸಬ್ರಾ? ಇವ್ರಿಗ್ ಬಣ್ಣ ಗೊತ್ತಾತ್ತಾ?" ಜಲಜ ಲೆಕ್ಕ ಮಾಡುತ್ತಿದ್ದವಳು ತಲೆ ಎತ್ತದೆ, "ಗೊತ್ತಾತ್ತ್. ಮಾಲಲ್ಲಿದ್ ಬಂದವ್ರಲ್ದಾ, ಕಣ್ಣ್ ಸರಿಯಾಪುಕೆ ಒಂಚೂರ್ ಸಮಯ ಬೇಕ್," ಎಂದಳು. ನನ್ನ ಮೈ ಉರಿಯಿತು. ಈ ಜಲಜಳಿಗೆ ಬಣ್ಣದ ಅಆಇಈ ಕಲಿಸಿದವಳು ನಾನು. ಬನ್ನಿ ಅಮ್ಮ, ತೋರಿಸುತ್ತೇನೆ ಎಂದು ಪೀಸನ್ನು ಹಿಡಿದು ಮೇಜು ದಾಟಿ ಹೊರಗೆ ಬಂದು, ಬಿಸಿಲಿಗೆ ಎತ್ತಿ ಹಿಡಿದೆ. ಅದು ಈರುಳ್ಳಿ ಬಣ್ಣವಾಗಿರಲಿಲ್ಲ.