ಹೊಸತೊಡಕಿನ ದಿನ ಮಾವನ ಅರ್ಧ ಅರ್ಧ

"ಮಟನ್ ಆಮೇಲೆ ಕಣೋ! ಮೊದ್ಲು ದುಡ್ಡು ಅರ್ಧ ಅರ್ಧ ಮಾಡ್ಕೊಂಡ್ ಬರೋಣ. ಗಾಡಿ ಹತ್ತು!"

ಮಾವ ಸ್ಕೂಟರ್ ಒದೆಯುತ್ತಿದ್ದರು. ನಾನು ಖಾಲಿ ವೈರ್ ಬ್ಯಾಗ್ ಹಿಡಿದು ಹಲ್ಲು ಕಡಿಯುತ್ತಿದ್ದೆ. ಯುಗಾದಿಯ ಮಾರನೇ ದಿನ, ಹೊಸತೊಡಕು. ಇವತ್ತು ಏನು ಮಾಡುತ್ತೇವೋ ವರ್ಷವಿಡೀ ಅದೇ ಆಗುತ್ತದಂತೆ. ಅದಕ್ಕೇ ಇಡೀ ವಿಜಯನಗರ ಮಟನ್ ಅಂಗಡಿ ಮುಂದೆ ಸಾಲು ನಿಂತಿದೆ. ನಮ್ಮ ಮಾವ ಮಾತ್ರ ಫಂಡ್ ಆಫೀಸಿಗೆ ಹೊರಟಿದ್ದಾರೆ! ಬೆಂಗಳೂರಿನಲ್ಲಿ ಸಿಟ್ಟು ಬರಿಸುವ ಸ್ಪರ್ಧೆ ಇಟ್ಟರೆ ಗೆದ್ದವರ ಕಪ್ ಇವರಿಗೇ. ಆ ಕಪ್ಪನ್ನೂ ಕೊಯ್ದು ಅರ್ಧ ಅರ್ಧ ಮಾಡಿಬಿಟ್ಟಾರು!

ಇವರು ನನ್ನ ಅಮ್ಮನ ತಮ್ಮ. ವಿಜಯನಗರದ ಪಕ್ಕದ ಹೊಸಹಳ್ಳಿಯಲ್ಲಿ ಇವರ ಮನೆಯಲ್ಲೇ ನಾನಿರುವುದು. ನಾನು ಲಗೇಜ್ ಆಟೋ ಓಡಿಸುತ್ತೇನೆ. ಮಾವ ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್‌ನಲ್ಲಿ ಕಬ್ಬಿಣ ಕೊರೆಯುತ್ತಾರೆ. ಪೆನ್ಷನ್ ಇಲ್ಲ, ಮಕ್ಕಳಿಲ್ಲ. ವಯಸ್ಸಾದ ಮೇಲೆ ತಿನ್ನುವುದಕ್ಕೆ ಇರುವುದು ಕೂಡಿಟ್ಟ ಕಾಸು ಮಾತ್ರ. ಅರ್ಧ ಬ್ಯಾಂಕ್ ಡಿಪಾಸಿಟ್, ಇನ್ನರ್ಧ ಇಂಡೆಕ್ಸ್ ಫಂಡ್. ಅಂದರೆ ದೊಡ್ಡ ಕಂಪನಿಗಳ ಪಟ್ಟಿಯಲ್ಲಿರುವ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ. ಆರಿಸಿ ಕೊಡುವ ಪಂಡಿತ ಇಲ್ಲ, ಅವನಿಗೆ ಸಂಬಳವೂ ಇಲ್ಲ. ಪ್ರತಿ ಹೊಸತೊಡಕಿಗೆ ನನ್ನನ್ನೂ ಎಳೆದುಕೊಂಡು ಹೋಗಿ ನೋಡುವುದು. ಯಾವುದು ಬೆಳೆದಿದೆಯೋ ಅದರಿಂದ ತೆಗೆದು ಇನ್ನೊಂದಕ್ಕೆ ಹಾಕಿ ಮತ್ತೆ ಅರ್ಧ ಅರ್ಧ ಮಾಡುವುದು. ಆಮೇಲೇ ಮಟನ್!

ಒಂದು ಸಲ ಟೈ ಕಟ್ಟಿದ ಏಜೆಂಟ್ ಒಬ್ಬ ಮನೆಗೆ ಬಂದ. ಅತ್ತೆ ಕಾಫಿ ಕೊಟ್ಟರು.

"ನಮ್ಮ ಫಂಡ್ ಮ್ಯಾನೇಜರ್ ತುಂಬಾ ಬುದ್ಧಿವಂತ ಸಾರ್."

"ಸರಿ. ನೂರು ರೂಪಾಯಿಗೆ ವರ್ಷಕ್ಕೆ ಎಷ್ಟು ಹಿಡ್ಕೋತೀರಿ?"

"ಎರಡೂವರೆ ಸಾರ್. ಜುಜುಬಿ!"

ಮಾವ ಅವನ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದು ವಾಪಸ್ ಕೊಟ್ಟರು. "ಜುಜುಬಿ ಅಲ್ವಾ? ವರ್ಷಾ ವರ್ಷಾ ಬನ್ನಿ, ಕುಡೀತಾ ಇರ್ತೀನಿ." ಎಂಜಲು ಕಾಫಿ ಬಿಟ್ಟು ಅವನು ಓಡಿದ. ಅವನ ಬ್ಯಾಗು ಒಂದು ವಾರ ನಮ್ಮ ಮನೆಯಲ್ಲೇ ಇತ್ತು!

ಶೇರು ಮಾರುಕಟ್ಟೆ ಏರುತ್ತಿದ್ದ ವರ್ಷಗಳಲ್ಲಿ ನಾನು ಕೂಗಾಡಿದೆ. ಕ್ಷೌರದ ಅಂಗಡಿಯವನೂ ಶೇರು ತಗೊಂಡು ಬೈಕ್ ಮಾಡಿಕೊಂಡಿದ್ದ. ಇವರು ಫಂಡ್ ಮಾರಿ ಡಿಪಾಸಿಟ್ ಇಡುತ್ತಿದ್ದರು!

"ಓಡೋ ಕುದುರೆಯಿಂದ ಯಾರಾದ್ರೂ ಇಳೀತಾರಾ ಮಾವ?"

"ಅರ್ಧ ಇಳಿದಿದೀನಿ ಕಣೋ."

ಅರ್ಧ ಇಳಿದವನು ಕುದುರೆ ಮೇಲೆ ಹೇಗೆ ಕೂತಿರುತ್ತಾನೆ? ನೀವೇ ಹೇಳಿ!

ಈ ವರ್ಷ ಎಲ್ಲ ಕುಸಿದು ಬಿತ್ತು. ಕ್ಷೌರದ ಅಂಗಡಿಯವನು ಬೈಕ್ ಮಾರಿದ. ಮಾವ ಏನು ಮಾಡಿದರು? ಡಿಪಾಸಿಟ್‌ನಲ್ಲಿ ಒಂದಷ್ಟು ಮುರಿಸಿದರು. ಬಿದ್ದಿರುವ ಫಂಡಿಗೇ ಸುರಿಯುವುದಕ್ಕೆ! ಇವತ್ತು ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. "ರೀ, ನಿಮಗೆ ತಲೆ ಕೆಟ್ಟಿದ್ಯಾ?"

"ಅರ್ಧ," ಅಂದರು ಮಾವ.

ದಾರಿಯುದ್ದಕ್ಕೂ ಬೆನ್ನ ಹಿಂದೆ ಕೂತು ಬೈದೆ. ಮುದಿ ವಯಸ್ಸಿನಲ್ಲಿ ಭಿಕ್ಷೆ ಬೇಡ್ತೀರಾ ಅಂದೆ. ಅತ್ತೆಗೆ ವಿಷ ಕೊಡಿ ಅಂದೆ. ಸಿಗ್ನಲ್‌ನಲ್ಲಿ ಪಕ್ಕದ ಆಟೋದವನು, "ಯಾಕ್ ಗುರು, ಯಜಮಾನ್ರನ್ನ ಹಿಂಗ್ ಬೈತೀಯಾ?" ಅಂದ. ಅವನಿಗೂ ಬೈದೆ.

ಫಂಡ್ ಆಫೀಸಿನಲ್ಲಿ ಒಬ್ಬನೇ ಒಬ್ಬ ಗಿರಾಕಿಯೂ ಇರಲಿಲ್ಲ. ಮಾವ ಫಾರಂ ತುಂಬಿದರು. ಸಹಿ ಹಾಕುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಕಬ್ಬಿಣ ಕೊರೆಯುವ ಆ ಕೈ ಪೆನ್ನಿನ ಮುಚ್ಚಳ ಹಾಕಿತು, ತೆಗೆಯಿತು, ಮತ್ತೆ ಹಾಕಿತು.

"ಮಾವ, ಭಯಾನಾ?"

"ಪ್ರತಿ ವರ್ಷಾನೂ ಭಯಾನೇ ಕಣೋ. ಅದಕ್ಕೇ ಒಂದು ದಿನ ಗೊತ್ತು ಮಾಡ್ಕೊಂಡಿರೋದು. ಇಲ್ದಿದ್ರೆ ಏರಿದಾಗ ಆಸೆ, ಬಿದ್ದಾಗ ಓಟ. ನಾನಿಲ್ದಿದ್ರೂ ನಿಮ್ಮತ್ತೆ ಯಾರ ಮನೆ ಬಾಗಿಲಿಗೂ ಹೋಗ್ಬಾರ್ದು." ಫಾರಂ ಹತ್ತಿರಕ್ಕೆ ಎಳೆದುಕೊಂಡು, "ನಿನ್ನ ಯಾಕೆ ಕರ್ಕೊಂಡ್ ಬರ್ತೀನಿ ಅಂದ್ಕೊಂಡೆ? ಒಬ್ನೇ ಬಂದ್ರೆ ಬಾಗಿಲಿಂದಾನೇ ವಾಪಸ್ ಹೋಗ್ಬಿಡ್ತೀನಿ. ನೀನ್ ಬೈತಾ ಇದ್ರೆ ರೋಷಕ್ಕಾದ್ರೂ ಒಳಗೆ ಬರ್ತೀನಿ," ಅಂದರು.

ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಸಹಿ ಬಿತ್ತು.

ಮಟನ್ ಅಂಗಡಿಗೆ ಹೋದಾಗ ಬರೀ ಮೂಳೆ ಉಳಿದಿತ್ತು. ತಂದೆವು. ಅತ್ತೆ ಸಾರು ಮಾಡಿದರು. ತಮ್ಮ ತಟ್ಟೆಯಲ್ಲಿ ಮೂಳೆಗೆ ಅಂಟಿಕೊಂಡಿದ್ದ ಒಂದೇ ಒಂದು ತುಂಡನ್ನು ಮಾವ ಎರಡು ಮಾಡಿ ಅರ್ಧ ನನ್ನ ಮುದ್ದೆ ಪಕ್ಕ ಇಟ್ಟರು.

ಅಷ್ಟೇ. ಮುಂದಿನ ಹೊಸತೊಡಕಿಗೂ ಬೈಯುವುದಕ್ಕೆ ನಾನೇ ಹೋಗಬೇಕು.