ಉಳ್ಳಾಗಡ್ಡಿ ಎಂಬ ಗುಟ್ಟು

ಇದನ್ನು ಬರೆಯುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಪೆನ್ನು ನಡೆಯಲಿಲ್ಲ. ಇಂದು ಎರಡೂ ನೆಟ್ಟಗಿವೆ, ಅದೇ ತೊಂದರೆ.

ನನ್ನ ದೊಡ್ಡವ್ವನ ಮಗ ಗುರುಸಿದ್ದಣ್ಣ ಬೈಲಹೊಂಗಲದಲ್ಲಿ ಯಾರನ್ನೂ ನಂಬದ ಮನುಷ್ಯ. ಅದಕ್ಕೇ ಎಲ್ಲರ ಮನೆಯಲ್ಲೂ ಅವನದೊಂದು ಟ್ರಂಕು! ಮನೆಗೆ ಬೆಂಕಿ ಬಿದ್ದರೆ ಕಾಗದಪತ್ರ ಉಳಿಯಬೇಕಲ್ಲ? ಕಿತ್ತೂರಿನ ತಂಗಿಯ ಅಟ್ಟದಲ್ಲಿ ಹೊಲದ ಪಹಣಿ ಉತಾರಗಳು, ರಾಮದುರ್ಗದ ಗೆಳೆಯನಲ್ಲಿ ಕರೆಂಟಿನ ಬಿಲ್ಲುಗಳು, ಸವದತ್ತಿಯ ಬೀಗರಲ್ಲಿ ಫೋಟೋಗಳು. ಒಮ್ಮೆ ರೇಷನ್ ಕಾರ್ಡು ಬೇಕಾಗಿ ಮೂರೂ ಊರು ಸುತ್ತಿದ. ಏಳು ಝೆರಾಕ್ಸ್ ಸಿಕ್ಕವು. ಮೂಲ ಕಾರ್ಡು ಅಂಗಿಯ ಕಿಸೆಯಲ್ಲೇ ಇತ್ತು.

ಇಂಟರ್‌ನೆಟ್ಟಿನಲ್ಲೂ ಕಾಗದ ಇಡಬಹುದೆಂದು ತಿಳಿದಾಗ, ನನ್ನನ್ನು ಕರೆದುಕೊಂಡು ಬಸ್‌ ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಗೆ ನಡೆದ. ಈಗ ಇದಕ್ಕೆ ಕ್ಲೌಡ್ ಎನ್ನುತ್ತಾರೆ. ಆಗ ಹೆಸರೂ ಗೊತ್ತಿರಲಿಲ್ಲ. ಕೆಫೆಯವನು ಮೂರು ಕಂಪನಿ ತೋರಿಸಿದ.

"ಪುಕ್ಕಟ ಇಟಗೊಳ್ಳಾಕ ಅವ ನಮ್ಮ ಬೀಗನೇನಪಾ?"

"ಬೀಗ ಅಲ್ರಿ ಕಾಕಾ, ಕಂಪನಿ ಐತ್ರಿ. ಅಮೇರಿಕಾದಾಗ."

"ಅಲ್ಲೆ ಗೆದ್ದಲ ಅದಾವೇನು?"

"ಇಲ್ರಿ."

ಮೊದಲಿನ ಎರಡು ಕಂಪನಿಗಳು ಹೆಸರು, ಊರು ಕೇಳಿ ಸುಮ್ಮನಾದವು. ಮೂರನೆಯದು ಗುಟ್ಟಿನ ಪ್ರಶ್ನೆ ಕೇಳಿತು: ನಿಮ್ಮ ತಾಯಿಯ ತವರುಮನೆಯ ಅಡ್ಡಹೆಸರೇನು?

ಅಣ್ಣನ ಮುಖ ಅರಳಿತು. "ಇಂವ ನೋಡಪಾ ಮನುಷ್ಯಾ ಅಂದ್ರ. ತವರುಮನಿ ಕೇಳಿದಾ. ಇಂವನ ಹತ್ರನ ಇಡೂಣು. ಬರಕೋ, ಉಳ್ಳಾಗಡ್ಡಿ. ಸುರೇಬಾನದ ಉಳ್ಳಾಗಡ್ಡಿ!"

ಪಕ್ಕದ ಕಂಪ್ಯೂಟರಿನವನು ತಿರುಗಿದ. "ಯಾವ ಉಳ್ಳಾಗಡ್ಡಿಯವರ್ರಿ? ಬಾವಿ ಓಣಿಯವರೇನು?"

ಗುಟ್ಟು ಅಲ್ಲಿಗೆ ಮುಗಿಯಿತು.

ಅಣ್ಣ ಅಲ್ಲಿ ಮೊದಲು ಸ್ಕ್ಯಾನ್ ಮಾಡಿಸಿ ಇಟ್ಟದ್ದು ಒಂದು ಫೋಟೋ. ಸುರೇಬಾನದ ತವರುಮನೆಯ ಕಟ್ಟೆಯ ಮೇಲೆ ಅವನ ಅವ್ವ, ನನ್ನ ಅವ್ವ, ಅಕ್ಕ ತಂಗಿ ಕೂತದ್ದು. ಇಬ್ಬರದೂ ಇದ್ದದ್ದು ಅದೊಂದೇ ಫೋಟೋ. ಮೂಲವನ್ನು ಸವದತ್ತಿಯ ಟ್ರಂಕಿಗೆ ಮರಳಿಸಿದ.

ಕಚೇರಿಯಲ್ಲಿ ನಾಲ್ಕು ದಿನ ಕಂಪ್ಯೂಟರು ಕಲಿತಿದ್ದ ನನಗೆ ಕೈ ತುರಿಸಿತು. ಅಣ್ಣನಿಗೆ ಬುದ್ಧಿ ಕಲಿಸೋಣವೆಂದು ಒಬ್ಬನೇ ಹೋಗಿ, ಪಾಸ್‌ವರ್ಡ್ ಮರೆತಿದೆ ಎಂದೆ. ಗುಟ್ಟಿನ ಪ್ರಶ್ನೆ ಬಂತು, ಉಳ್ಳಾಗಡ್ಡಿ ಎಂದೆ, ಬಾಗಿಲು ತೆರೆಯಿತು. ಪಾಸ್‌ವರ್ಡನ್ನೂ ಗುಟ್ಟಿನ ಉತ್ತರವನ್ನೂ, ಈರುಳ್ಳಿ ಹೋಗಿ ಬೆಳ್ಳುಳ್ಳಿ ಬರಲೆಂದು, ಬಳ್ಳೊಳ್ಳಿ ಎಂದು ಬದಲಿಸಿ, ನಗುತ್ತ ಮನೆಗೆ ಬಂದೆ. ನಾಳೆ ಹೇಳಿ ಅವನನ್ನೂ ನಗಿಸುವುದಿತ್ತು.

ಮರುದಿನ ಹೇಳುವ ಮೊದಲು ಒಮ್ಮೆ ತೆರೆದು ನೋಡಹೋದೆ. ತೆರೆಯಲಿಲ್ಲ. ಬಳ್ಳೊಳ್ಳಿಗೆ ಇಂಗ್ಲಿಷಿನಲ್ಲಿ ಎಷ್ಟು ಎಲ್ ಹೊಡೆದಿದ್ದೆನೋ! ಎರಡು ಹಾಕಿದೆ, ಮೂರು ಹಾಕಿದೆ, ನಾಲ್ಕು ಹಾಕಿದೆ. ಹೇಳುವುದನ್ನು ಮುಂದಕ್ಕೆ ಹಾಕಿದೆ.

ಅಷ್ಟರಲ್ಲಿ ಸವದತ್ತಿಯ ಟ್ರಂಕಿಗೆ ಗೆದ್ದಲು ಹತ್ತಿದ ಸುದ್ದಿ ಬಂತು. ಅಣ್ಣ ಅಲುಗಲಿಲ್ಲ. "ಹೋಗ್ಲಿ ಬಿಡು, ತವರುಮನಿ ಕೇಳಿದಾಂವನ ಹತ್ರ ಐತಿ" ಎಂದು ಕೆಫೆಗೆ ಹೋದ. ಸಂಜೆ ನಮ್ಮ ಮನೆಗೆ ಬಂದ.

"ಉಳ್ಳಾಗಡ್ಡಿ ಅಂದ್ರ ತಪ್ಪ ಅಂತೈತಿ ತಮ್ಮಾ. ಅವ್ವನ ತವರುಮನಿ ಹೆಸರ ನಾನ ಮರತೆನೇನು?"

ಅಲ್ಲೇ ಹೇಳಬಹುದಿತ್ತು. "ವಯಸ್ಸಾತಲ್ಲ ಅಣ್ಣಾ" ಎಂದೆ.

ಮರುದಿನ ಅವನು ಬಸ್ಸು ಹತ್ತಿ ಸುರೇಬಾನಕ್ಕೆ ಹೋದ, ಅವ್ವನ ತವರುಮನೆಯ ಹೆಸರೇನೆಂದು ಕೇಳಿಕೊಂಡು ಬರಲು. ತಿರುಗಿ ಬಂದು, "ಉಳ್ಳಾಗಡ್ಡಿನ ಅಂತ" ಎಂದ. ಅಂದಿನಿಂದ ಕೊನೆಯವರೆಗೂ, ತನಗೆ ಗೊತ್ತಿದ್ದ ಯಾವ ಮಾತು ಹೇಳುವಾಗಲೂ ಒಮ್ಮೆ ನನ್ನ ಮುಖ ನೋಡುತ್ತಿದ್ದ, ಸರಿಯೇ ಎಂಬಂತೆ.

ಸರಿಯೇ ಇತ್ತು. ನೀ ಏನೂ ಮರತಿರಲಿಲ್ಲ, ಗುರುಸಿದ್ದಣ್ಣಾ.