ಪೌಡರ್ ಡಬ್ಬಿಯವಳಿಂದ ಮ್ಯಾಮೊಗ್ರಾಮ್ ಯಂತ್ರಕ್ಕೆ

ಸನ್ಮಾನ್ಯ ಮ್ಯಾಮೊಗ್ರಾಮ್ ಯಂತ್ರದವರೇ,

ದಿಲ್‌ಸುಖ್‌ನಗರದ ಮೆಟ್ರೊ ಕಂಬಗಳೆದುರಿನ ಆಸ್ಪತ್ರೆಯಲ್ಲಿ, ಏಸಿಯ ತಂಪಿನಲ್ಲಿ ಸದಾ ವಿರಾಜಮಾನರಾಗಿರುವ ತಮಗೆ, ಬೀದರ್ ಕಡೆ ಹುಟ್ಟಿ, ಗಂಡನ ರಕ್ಷಣಾ ಕಾರ್ಖಾನೆಯ ನೌಕರಿಯ ದೆಸೆಯಿಂದ ಇದೇ ಊರಿನವಳಾಗಿಹೋದ ತಾರಾ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎಂಟು ಅಂಗಗಳಲ್ಲಿ ಎದೆಯಂತೂ ತಮಗೆ ಆಗಲೇ ಸಂದಿದೆ, ಮಿಕ್ಕ ಏಳನ್ನು ಈ ಪತ್ರದ ಮೂಲಕ ಒಪ್ಪಿಸುತ್ತಿದ್ದೇನೆ.

ನಾನು ತಮ್ಮ ಸನ್ನಿಧಿಗೆ ಬಂದದ್ದು ಶೋಕಿಗಲ್ಲ. ಐವತ್ತು ದಾಟಿ ಮುಟ್ಟು ನಿಂತ ಮೇಲೆ ನನ್ನೊಳಗೆ ಯಾರೋ ಒಲೆ ಹೊತ್ತಿಸಿಟ್ಟು ಹೋಗಿದ್ದರು. ಡಿಸೆಂಬರಿನಲ್ಲೂ ಫ್ಯಾನು ತಿರುಗುತ್ತಿತ್ತು, ಯಜಮಾನರು ಸ್ವೆಟರ್ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದರು. ಫ್ರಿಜ್ಜಿನೊಳಗೆ ತಲೆಯಿಟ್ಟು ನಿಂತವಳನ್ನು ಕಂಡು ಅವರು "ಏನ್ ಹುಡುಕಾಕತ್ತೀ?" ಎಂದರೆ "ಕೊತ್ತಂಬ್ರಿ" ಎನ್ನುತ್ತಿದ್ದೆ. ನಿದ್ದೆಯಿಲ್ಲ, ಸಮಾಧಾನವಿಲ್ಲ, ಕುಕ್ಕರ್ ಕೂಗಿದರೂ ಅಳು. ಡಾಕ್ಟರಮ್ಮ ತೋಳಿಗೆ ಹಚ್ಚುವ ಹಾರ್ಮೋನ್ ಜೆಲ್ ಬರೆದುಕೊಡಬಹುದು, ಆದರೆ ಅದಕ್ಕೆ ಮೊದಲು ಸ್ತನಗಳ ಪರೀಕ್ಷೆ ಆಗಲೇಬೇಕು ಎಂದರು. ಹೀಗೆ ನನ್ನ ನಿದ್ದೆಯೂ ನನ್ನ ಗಂಡನ ನೆಮ್ಮದಿಯೂ ತಮ್ಮ ಕೈಗೆ ಬಂದವು.

ನಮ್ಮ ಮನೆಯಲ್ಲಿ ತಲೆ ಬಾಚಿ ಪೌಡರ್ ಹಚ್ಚದೆ ಯಾರೂ ಡಾಕ್ಟರ ಮುಂದೆ ನಿಂತವರಲ್ಲ. ನಾನೂ ಹೆಣ್ಣು ನೋಡಲು ಬರುವವರೆದುರು ಕೂರಲು ಹೊರಟವಳಂತೆ ಸಿಂಗರಿಸಿಕೊಂಡೇ ಬಂದೆ. ಆದರೆ ಕಾಯುತ್ತ ಕೂತಲ್ಲೇ ಒಳಗಿನ ಒಲೆ ಭುಗಿಲೆಂದು ಬೆವರಿ ತೊಪ್ಪೆಯಾದ್ದರಿಂದ, ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ ಕಂಕುಳಲ್ಲಿ, ಎದೆಯ ಕೆಳಗೆ, ಸಿಕ್ಕಲ್ಲೆಲ್ಲ ಚೀಲದಲ್ಲಿದ್ದ ಪೌಡರ್ ಡಬ್ಬಿಯನ್ನು ಖಾಲಿ ಮಾಡಿದೆ. ಒಳಗೆ ತಮ್ಮ ಸೇವೆಯಲ್ಲಿದ್ದ ರಾಯಚೂರಿನ ಹುಡುಗಿ ನಿರೀಕ್ಷಾ, ನನ್ನ ಹಿಂದಿ ಕೇಳಿದ ಕೂಡಲೇ ಕನ್ನಡಕ್ಕಿಳಿದು, "ಪೌಡರ್, ಸೆಂಟ್ ಏನಾರ ಹಚ್ಚೀರೇನ್ರಿ ಆಂಟಿ?" ಎಂದಳು. "ಛೇ, ಇಲ್ರೀ" ಎಂದೆ. ಹೌದೆಂದರೆ ಬೆವರುತ್ತೇನೆಂದು ಒಪ್ಪಿಕೊಂಡಂತೆ, ಬೆವರುತ್ತೇನೆಂದರೆ ವಯಸ್ಸಾಯಿತೆಂದು ಒಪ್ಪಿಕೊಂಡಂತೆ. ಇಷ್ಟು ಸಣ್ಣ ಪ್ರಶ್ನೆಗೆ ಅಷ್ಟು ದೊಡ್ಡ ಸತ್ಯ ಕೊಡಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ತಾವು ಮಾಡಿದ ಉಪಚಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಇಷ್ಟು ವರ್ಷ ಜೋಳದ ರೊಟ್ಟಿ ತಟ್ಟಿದ ನನಗೆ, ತಣ್ಣನೆಯ ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಹಿಡಿದು, ತಟ್ಟಿಸಿಕೊಳ್ಳುವ ಹಿಟ್ಟಿನ ಪಾಡು ಏನೆಂದು ತಾವೇ ತಿಳಿಸಿಕೊಟ್ಟಿರಿ.

ಚಿತ್ರದಲ್ಲಿ ಬಿಳಿ ಚುಕ್ಕಿಗಳು ಬಂದವು, ರವೆ ಚೆಲ್ಲಿದ ಹಾಗೆ. ಡಾಕ್ಟರಮ್ಮ ಏನೂ ಇಲ್ಲದೆಯೂ ಇರಬಹುದು, ಮುಂದಿನ ವಾರ ಮತ್ತೆ ತೆಗೆಸೋಣ, ಅಲ್ಲಿಯವರೆಗೆ ಜೆಲ್ ಬೇಡ ಎಂದರು. ನನಗೆ ಕೇಳಿಸಿದ್ದು ಕ್ಯಾನ್ಸರ್ ಒಂದೇ, ಅವರು ಆ ಮಾತನ್ನು ಆಡಿರಲೇ ಇಲ್ಲ. ಪೌಡರಿನ ನೆನಪು ಸುಳಿಯಲೂ ಇಲ್ಲ. ಯಜಮಾನರಿಗೂ ಹೇಳದೆ, ಕೆಳಗಿನ ಮನೆಯ ತುಳಸಾಬಾಯಿಯವರೊಂದಿಗೆ ಸುಲ್ತಾನ್ ಬಜಾರಿಗೆ ಬ್ಲೌಸ್ ಪೀಸ್ ತರಲು ಹೋದೆ. ಅಂಗಡಿಯವನು ಅಳತೆಗೆ ತಕ್ಕ ಬಟ್ಟೆ ಹರಿಯಲು ಹೊರಟಾಗ, ಈ ಅಳತೆ ಇನ್ನೆಷ್ಟು ದಿನವೋ ಎನಿಸಿ ಬೇಡವೆಂದೆ. "ಯಾಕ್ರಿ ಅಕ್ಕಾರ, ಬಣ್ಣ ಭಾಳ ಛಲೋ ಐತಲ್ಲ?" ಎಂದರು ತುಳಸಾಬಾಯಿ. ಅಷ್ಟಕ್ಕೇ ನಾನು ಬಟ್ಟೆಯ ರಾಶಿಯ ಮೇಲೆ ಬಿದ್ದು ಅತ್ತೆ. ನನಗೆ ಭಯವಾಗಿತ್ತು, ಯಂತ್ರದವರೇ, ಸಾಯುವಷ್ಟು ಭಯವಾಗಿತ್ತು.

ಎರಡನೆಯ ಸಲ ನಿರೀಕ್ಷಾ ಅದೇ ಪ್ರಶ್ನೆ ಕೇಳಿದಳು. "ಇವತ್ತ ಇಲ್ಲವ್ವ, ಆವತ್ತ ಇಡೀ ಡಬ್ಬಿ ಹಚ್ಚಿದ್ದೆ!" ಎಂದು ಕಾರಿಡಾರಿಗೆಲ್ಲ ಕೇಳುವಂತೆ ಕೂಗಿದೆ. ಅವಳು ನಕ್ಕು, ಆ ಚುಕ್ಕಿಗಳು ಪೌಡರಿನವೂ ಇರಬಹುದೆಂದು ಹೇಳಿ, ಒದ್ದೆ ಬಟ್ಟೆಯಿಂದ ಒರೆಸಿ ನನ್ನನ್ನು ಮತ್ತೆ ತಮಗೊಪ್ಪಿಸಿದಳು. ಈ ಸಲ ಚುಕ್ಕಿಗಳಿರಲಿಲ್ಲ. ಜೆಲ್ ಶುರುವಾಗಿದೆ, ಒಲೆ ತಣ್ಣಗಾಗುತ್ತಿದೆ, ಯಜಮಾನರು ಸ್ವೆಟರ್ ಮಡಚಿಟ್ಟಿದ್ದಾರೆ.

ಇನ್ನು ನನ್ನ ಅಹವಾಲುಗಳು. ಜೆಲ್ ಇರುವವರೆಗೆ ತಪಾಸಣೆ ತಪ್ಪಿಸಬಾರದು ಎಂದು ಡಾಕ್ಟರಮ್ಮ ಹೇಳಿರುವುದರಿಂದ, ನಾನು ಮತ್ತೆ ಬರುವ ಹೊತ್ತಿಗೆ ತಮ್ಮ ಹಲಗೆಗಳನ್ನು ತುಸು ಬಿಸಿ ಮಾಡಿಸಿಕೊಂಡಿರಬೇಕು. ಒಂದು ದಿನವಾದರೂ ತಮ್ಮನ್ನೂ ಯಾರಾದರೂ ಹಾಗೆಯೇ ಒತ್ತಿ, "ಉಸಿರು ಹಿಡೀರಿ" ಎನ್ನಬೇಕು. ಮತ್ತು ನನ್ನ ಸುಳ್ಳನ್ನು ಚಿತ್ರ ಸಮೇತ ಹಿಡಿದ ತಾವು, "ನಾ ಗೊರಕಿ ಹೊಡಿಯೂದಿಲ್ಲ" ಎನ್ನುವ ಯಜಮಾನರಿಗೂ ಒಮ್ಮೆ ದರ್ಶನ ಕೊಡಬೇಕು.

ಎರಡು ಸಲ ತಮ್ಮ ಹಿಡಿತಕ್ಕೆ ಸಿಕ್ಕ,
ತಮ್ಮ ವಿಶ್ವಾಸಿ,
ತಾರಾ

ಮರೆತ ಮಾತು: ನನ್ನ ಪೌಡರಿನ ಕಥೆ ಕೇಳಿ ಬಿದ್ದು ಬಿದ್ದು ನಕ್ಕ ತುಳಸಾಬಾಯಿ, "ನೀವೂ ಒಮ್ಮಿ ತೋರಿಸ್ಕೊಂಡೀರೇನ್ರಿ?" ಎಂದು ನಾನು ಕೇಳಿದ್ದೇ ತಡ, ನಗು ನಿಲ್ಲಿಸಿ ಸೆರಗು ಎಳೆದುಕೊಂಡರು. ಎಡಗಡೆ ಏನೋ ಕೈಗೆ ಸಿಗುತ್ತದಂತೆ, ದೀಪಾವಳಿಯಿಂದ. ಗುರುವಾರ ನಾನೇ ಕರೆತರುತ್ತಿದ್ದೇನೆ. ಅವರ ಪೌಡರ್ ಡಬ್ಬಿ ಈಗಲೇ ಕಸಿದಿಟ್ಟುಕೊಂಡಿದ್ದೇನೆ. ನೋವಿದೆಯೇ ಎಂದು ಕೇಳಿದರೆ ಆಕೆ ಇಲ್ಲ ಎನ್ನುತ್ತಾರೆ, ಹೆದರಿಕೆಯೇ ಎಂದರೂ ಇಲ್ಲ ಎನ್ನುತ್ತಾರೆ. ದಯವಿಟ್ಟು ನಂಬಬೇಡಿ. ನಮ್ಮ ವಯಸ್ಸಿನ ಹೆಂಗಸರ ಬಾಯಿಗೆ ಆ ಉತ್ತರವೊಂದೇ ರೂಢಿಯಾಗಿದೆ.